ಅರಮನೆಯ ಕಿಟಕಿಯಿಂದ ಕಂಡ ಧರ್ಮಸಭೆ: ಗೋರ್ ವಿಡಾಲರ ‘ಜೂಲಿಯನ್’

ಅಮೆರಿಕದ ಲೇಖಕ ಗೋರ್ ವಿಡಾಲರ ‘ಜೂಲಿಯನ್’ ಕಾದಂಬರಿ 1964ರಲ್ಲಿ ಪ್ರಕಟವಾಯಿತು. ನಾಲ್ಕನೆಯ ಶತಮಾನದ ಧರ್ಮಸಭೆಯ ಇತಿಹಾಸವನ್ನು ಬೋಧಿಸುವ ನಾನು ಅದನ್ನು ಬಹುಕಾಲ ಓದದೆಯೇ ಬಿಟ್ಟಿದ್ದೆ. ಧರ್ಮಭ್ರಷ್ಟನೆಂದು ನಾವು ಹೆಸರಿಟ್ಟ ಚಕ್ರವರ್ತಿಯನ್ನು ನಾಯಕನನ್ನಾಗಿ ಮಾಡಿ, ಅವನ ಬಾಯಿಂದಲೇ ನಮ್ಮನ್ನು ಹಳಿಯುವ ಪುಸ್ತಕವೆಂದು ಕೇಳಿದ್ದೆ. ಆ ಮಾತು ಸುಳ್ಳಲ್ಲ. ಆದರೂ ಗುರುಮಠದಲ್ಲಿ ಓದಲೇಬೇಕಾದ ಪುಸ್ತಕವದು ಎಂಬುದು ನನ್ನ ಈಗಿನ ಅಭಿಪ್ರಾಯ.

ಕಥೆಯ ಬೇರಿರುವುದು 337ರ ರಕ್ತಪಾತದಲ್ಲಿ. ಕಾನ್‌ಸ್ಟಂಟೈನ್ ತೀರಿಕೊಂಡ ಕೆಲವೇ ತಿಂಗಳಲ್ಲಿ ಸೈನಿಕರು ಅವನ ಬಂಧುವರ್ಗದ ಹಲವರನ್ನು ಕೊಂದರು. ಜೂಲಿಯನ್ನನ ತಂದೆ ಅವರಲ್ಲೊಬ್ಬ. ಬಾಲಕ ಜೂಲಿಯನ್ ಮತ್ತು ಅವನ ಅಣ್ಣ ಗ್ಯಾಲಸ್ ಬದುಕಿ ಉಳಿದರು. ಈ ಕೊಲೆಗಳ ಫಲವುಂಡ ಕಾನ್‌ಸ್ಟಾಂಷಿಯಸನಾದರೋ ಮಹಾಭಕ್ತ. ದೈವಶಾಸ್ತ್ರದ ಚರ್ಚೆಯೆಂದರೆ ಅವನಿಗೆ ಪ್ರಾಣ. ಅವನು ಗ್ಯಾಲಸನನ್ನು ಕೈಸರನ ಪದವಿಗೇರಿಸಿ 354ರಲ್ಲಿ ಕೊಲ್ಲಿಸಿದನು. ಮರುವರ್ಷ ಅದೇ ಪದವಿಯನ್ನು ಜೂಲಿಯನ್ನನಿಗೆ ಕೊಟ್ಟನು. ಅದೇ 355ರಲ್ಲಿ, ಮಿಲಾನಿನ ಸಭೆಯಲ್ಲಿ, ಸಂತ ಅಥನೇಸಿಯಸರನ್ನು ಖಂಡಿಸುವಂತೆ ಧರ್ಮಾಧ್ಯಕ್ಷರನ್ನು ಬಲವಂತಪಡಿಸಿದವನೂ ಅವನೇ. ಕಂಚುಕಿ ಯುಸೇಬಿಯಸನ ಪಿತೂರಿ, ಗೂಢಚರರು, ಮನಸ್ಸಿನ ಮಾತನ್ನು ಯಾರ ಮುಂದೆಯೂ ಆಡಲಾಗದ ಭಯ: ಇವುಗಳ ನಡುವೆ, ದೇವಾಲಯದಲ್ಲಿ ಪವಿತ್ರ ಗ್ರಂಥವನ್ನು ಓದುವ ವಾಚಕನಾಗಿ ಬೆಳೆದ ಹುಡುಗನೊಬ್ಬನು ನಮ್ಮ ವಿಶ್ವಾಸವನ್ನು ತೊರೆದನು. ಅವನು ಕಂಡ ಧರ್ಮಸಭೆ ಅದೊಂದೇ. ಸಭೆಯಿಂದ ಸಭೆಗೆ ಸರ್ಕಾರದ ಅಂಚೆಕುದುರೆಗಳ ಮೇಲೆ ಓಡಾಡುತ್ತಿದ್ದ ಧರ್ಮಾಧ್ಯಕ್ಷರಿಂದ ಅಂಚೆ ವ್ಯವಸ್ಥೆಯೇ ಸೊರಗಿತೆಂದು ಸಮಕಾಲೀನ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಈ ಆಪಾದನೆಯನ್ನು ವಿಡಾಲರ ದ್ವೇಷವೆಂದು ತಳ್ಳಿಹಾಕುವಂತಿಲ್ಲ.

ಕಾದಂಬರಿಯ ಜಾಣ್ಮೆಯಿರುವುದು ಅದರ ಕಟ್ಟಡದಲ್ಲಿ. ಜೂಲಿಯನ್ ತನ್ನ ಕಥೆಯನ್ನು ತಾನೇ ಬರೆಯುತ್ತಾನೆ. ಅವನು ಸತ್ತು ಹದಿನೇಳು ವರ್ಷಗಳಾದ ಮೇಲೆ, 380ರಲ್ಲಿ, ಅಂತಿಯೋಕ್ಯದ ವಾಗ್ಮಿ ಲಿಬಾನಿಯಸ್ ಮತ್ತು ಅಥೆನ್ಸಿನ ತತ್ವಜ್ಞಾನಿ ಪ್ರಿಸ್ಕಸ್ ಎಂಬ ಇಬ್ಬರು ಮುದುಕರು ಆ ಹಸ್ತಪ್ರತಿಯ ನಡುನಡುವೆ ಟಿಪ್ಪಣಿ ಸೇರಿಸುತ್ತಾರೆ. ಜೂಲಿಯನ್ ಗುರುವೆಂದು ನಂಬಿದ ಮಾಕ್ಸಿಮಸನನ್ನು ಪ್ರಿಸ್ಕಸ್ ವಂಚಕನೆಂದೇ ಬಗೆಯುತ್ತಾನೆ. ಹೀಗೆ ನಾಯಕನ ಮೂಢನಂಬಿಕೆ, ಬಲಿಗಳ ಹುಚ್ಚು, ಪರ್ಶಿಯದ ದಂಡಯಾತ್ರೆಯ ದುಡುಕು ಎಲ್ಲವೂ ಅವನ ಗೆಳೆಯರಿಂದಲೇ ಬಯಲಾಗುತ್ತವೆ. ಪಕ್ಷಪಾತಿಯಾದ ಲೇಖಕನಿಗೆ ಇಷ್ಟು ನ್ಯಾಯಬುದ್ಧಿ ಸುಲಭವಲ್ಲ.

ಆದರೆ ಮೂರು ದನಿಗಳೂ ಹಳೆಯ ದೇವತೆಗಳ ಪಕ್ಷದವೇ. ಅಂಚಿನಲ್ಲಿ ಒಂದು ಸಾಲು ಬರೆಯುವ ಅವಕಾಶ ಯಾವ ಕ್ರೈಸ್ತನಿಗೂ ಇಲ್ಲ. 363ರ ಜೂನ್ 26ರಂದು ಚಕ್ರವರ್ತಿಗೆ ನಾಟಿದ ಈಟಿ ಯಾರದೆಂದು ಅಮ್ಮಿಯಾನಸನಿಗೂ ತಿಳಿಯದು. ಲಿಬಾನಿಯಸ್ ಕ್ರೈಸ್ತರತ್ತ ಬೆರಳು ತೋರಿದನು. ವಿಡಾಲರು ಆ ಬೆರಳನ್ನು ಹಿಡಿದು ಹೋಗಿ, ಪರಿಚಾರಕನಾದ ಕ್ರೈಸ್ತನೊಬ್ಬನ ಕೈಗೆ ಈಟಿಯನ್ನು ಕೊಡುತ್ತಾರೆ. ಇದಕ್ಕೆ ನನ್ನ ಆಕ್ಷೇಪವಿಲ್ಲ. ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯವುಂಟು. ತನ್ನ ಒಡೆಯನನ್ನು ಪ್ರೀತಿಸುತ್ತಲೇ ಕೊಂದಿರಬಹುದಾದ ಆ ಮನುಷ್ಯನ ಅಂತರಂಗಕ್ಕೆ ಕಾದಂಬರಿ ಇಳಿಯಲಿಲ್ಲವೆಂಬುದೇ ನನ್ನ ಕೊರಗು.

ಗಲಾತ್ಯದ ಪ್ರಧಾನಾರ್ಚಕ ಆರ್ಸಾಸಿಯಸನಿಗೆ ಜೂಲಿಯನ್ ಬರೆದನೆನ್ನಲಾದ ಪತ್ರವೊಂದನ್ನು ಸೋಜೋಮೆನ್ ಉಳಿಸಿಕೊಟ್ಟಿದ್ದಾನೆ. ಕ್ರೈಸ್ತರು ತಮ್ಮ ಬಡವರಿಗಷ್ಟೇ ಅಲ್ಲ, ನಮ್ಮ ಬಡವರಿಗೂ ಅನ್ನವಿಕ್ಕುತ್ತಿದ್ದಾರೆ, ನಮಗಿದು ನಾಚಿಕೆಗೇಡು ಎಂಬುದು ಅದರ ಸಾರ. (ಪತ್ರ ಅವನದೇ ಎಂಬುದನ್ನು ಕೆಲವು ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಅವನು ನಮ್ಮನ್ನು ನೋಡಿ ಛತ್ರಗಳನ್ನು ಕಟ್ಟಿಸಲು ಹೊರಟಿದ್ದನೆಂದು ಸಂತ ಗ್ರೆಗೋರಿ ನಾಜಿಯಾನ್ಸೆನರೂ ಹೇಳುತ್ತಾರೆ.) ಅರಮನೆಯ ಒಳಗೆ ಕಾಣದ ಧರ್ಮಸಭೆಯೊಂದು ಹೊರಗಿರುವುದನ್ನು ಚಕ್ರವರ್ತಿ ಗಮನಿಸಿದ್ದನು; ಕಾದಂಬರಿಯ ಕಣ್ಣು ಮಾತ್ರ ಆಸ್ಥಾನದ ಬಾಗಿಲಲ್ಲೇ ನಿಂತಿದೆ. ಚಕ್ರವರ್ತಿಯಿದ್ದಲ್ಲಿಯೇ ಧರ್ಮಸಭೆಯೆಂದು ಕಾನ್‌ಸ್ಟಾಂಷಿಯಸನ ಧರ್ಮಾಧ್ಯಕ್ಷರು ಬಗೆದಿದ್ದರು. ಅವರನ್ನು ಅಷ್ಟು ಹಾಸ್ಯಮಾಡುವ ವಿಡಾಲರು ಈ ಒಂದು ವಿಷಯದಲ್ಲಿ ಅವರ ಮಾತನ್ನೇ ನಂಬಿಬಿಟ್ಟರು. 355ರಲ್ಲಿ ಅಥೆನ್ಸಿನಲ್ಲಿ ಜೂಲಿಯನ್ನನ ಸಹಪಾಠಿಯಾಗಿದ್ದ ಬಾಸಿಲರು ಮುಂದೆ ಕೈಸರೇಯದ ಹೊರಗೆ ರೋಗಿಗಳಿಗೂ ದಿಕ್ಕಿಲ್ಲದವರಿಗೂ ಆಶ್ರಯವನ್ನು ಕಟ್ಟಿಸಿದರು. ಮುದುಕರಿಬ್ಬರು ಪತ್ರ ಬರೆದುಕೊಳ್ಳುವ ಹೊತ್ತಿಗೆ ಆ ಕಟ್ಟಡಗಳು ತುಂಬಿದ್ದವು.

ಇಷ್ಟು ಹೇಳಿ ನಾವು ಬೀಗುವಂತಿಲ್ಲ. ಜೂಲಿಯನ್ನನ ವಿರುದ್ಧ ಗ್ರೆಗೋರಿಯವರು ಬರೆದ ಎರಡು ಭಾಷಣಗಳಲ್ಲಿ ಸತ್ತವನ ಕುಣಿಯುವ ಭುಜಗಳನ್ನೂ ಅಲೆದಾಡುವ ಕಣ್ಣುಗಳನ್ನೂ ಎತ್ತಿ ಆಡುವ ಭಾಗವೊಂದಿದೆ. ಅಲ್ಲಿಯೂ ಎದುರಾಳಿಯ ಅಂತರಂಗಕ್ಕೆ ಪ್ರವೇಶವಿಲ್ಲ. ಬರುವ ಅವಧಿಯಲ್ಲಿ ಆ ಭಾಷಣಗಳನ್ನೂ ಈ ಕಾದಂಬರಿಯನ್ನೂ ತರಗತಿಯಲ್ಲಿ ಜೊತೆಯಾಗಿ ಓದಿಸಬೇಕೆಂದಿದ್ದೇನೆ, ಮೊದಲು ಕಾದಂಬರಿಯನ್ನು.