ಗಟ್ಟಿಯೂ ಅಲ್ಲ, ನೀರೂ ಅಲ್ಲ

ಹೊಸವರ್ಷದ ಕೂಟದಲ್ಲಿ ಫ್ರೋಜನ್ ಮಾರ್ಗರೀಟಾ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಹದದ ಮೇಲೆ. ಟಕೀಲಾ, ಕಿತ್ತಳೆ ಲಿಕರ್, ನಿಂಬೆರಸ, ಸಕ್ಕರೆ, ಐಸು: ಸಾಮಾನು ಇಷ್ಟೇ. ತಕರಾರು ಮದ್ಯದ್ದು; ಅದು ಸುಲಭಕ್ಕೆ ಹೆಪ್ಪುಗಟ್ಟುವ ಜಾತಿಯಲ್ಲ. ಶುದ್ಧ ಎಥನಾಲ್ ಗಟ್ಟಿಯಾಗಲು ಮೈನಸ್ 114 ಡಿಗ್ರಿ ಸೆಲ್ಸಿಯಸ್ ಬೇಕು. ಮದ್ಯ ಹೆಚ್ಚಾದರೆ ಎಲ್ಲ ನೀರುನೀರು, ತೀರಾ ಕಡಿಮೆಯಾದರೆ ಫ್ರೀಜರಿನಲ್ಲಿ ಕಲ್ಲು. ಸಕ್ಕರೆಯದೂ ಬರೀ ಸಿಹಿಯ ಕೆಲಸವಲ್ಲ; ಐಸಿನ ಹರಳುಗಳ ನಡುವೆ ಪಾಕವಾಗಿಯೇ ಉಳಿದು ಅವು ಒಂದಕ್ಕೊಂದು ಕಚ್ಚಿಕೊಳ್ಳದಂತೆ ತಡೆಯುತ್ತದೆ. ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಮಂಕು, ಹಾಗಾಗಿ ಒಂದು ಚಮಚ ಹೆಚ್ಚೇ ಇರಲಿ.

ಅಮೆರಿಕದ ಡಲ್ಲಾಸ್‌ನಲ್ಲಿ 1971ರಲ್ಲಿ ಹೋಟೆಲು ತೆರೆದ ಮರಿಯಾನೊ ಮಾರ್ಟಿನೆಜ್‌ಗೆ ತಲೆನೋವಾದದ್ದೂ ಈ ಹದವೇ. ಬ್ಲೆಂಡರ್ ತಿರುಗಿಸಿ ಸಾಕಾದ ಬಾರಿನವರ ಕೈಯಲ್ಲಿ ಗ್ಲಾಸಿಗೊಂದು ರುಚಿ. ಸೆವೆನ್-ಇಲೆವೆನ್ ಅಂಗಡಿಯಲ್ಲಿ ಅರೆಹೆಪ್ಪುಗಟ್ಟಿದ ತಂಪು ಪಾನೀಯ ಸುರಿಸುವ ಸ್ಲರ್ಪೀ ಯಂತ್ರ ನೋಡಿ ಅವರಿಗೆ ದಾರಿ ಹೊಳೆಯಿತು. ಸಾಫ್ಟ್ ಐಸ್‌ಕ್ರೀಮ್ ಯಂತ್ರವೊಂದನ್ನು ತಂದು ಮಾರ್ಗರೀಟಾಗೆ ಒಗ್ಗಿಸಿದರು. ಆ ಯಂತ್ರ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಸಲ್ಲಬೇಕಾದ ಮರ್ಯಾದೆಯೇ ಅನ್ನಿ.

ಮನೆಯಲ್ಲಿ ಮಾಡುವವರು ಟಕೀಲಾವನ್ನೂ ಗ್ಲಾಸುಗಳನ್ನೂ ಹಿಂದಿನ ರಾತ್ರಿಯೇ ಫ್ರೀಜರಿಗೆ ಸೇರಿಸಬೇಕು. ನಿಂಬೆ ಆಗಷ್ಟೇ ಹಿಂಡಿದ್ದಾಗಿರಲಿ. ಬಾಟಲಿಯ ರಸಕ್ಕೆ ನನ್ನ ಒಪ್ಪಿಗೆಯಿಲ್ಲ. ಮಿಕ್ಸಿಯನ್ನು ಬಿಟ್ಟುಬಿಟ್ಟು ಓಡಿಸಿ, ಇಲ್ಲವಾದರೆ ಅದರ ಬಿಸಿಗೇ ಐಸು ಕರಗುತ್ತದೆ. ಗ್ಲಾಸಿನ ಅಂಚಿಗೆ ಉಪ್ಪು ಅರ್ಧ ಸುತ್ತು ಸಾಕು, ಉಪ್ಪು ಬೇಡವೆನ್ನುವವರಿಗೆ ಉಳಿದರ್ಧ.