ಎಲ್ಲೆ ಬಿಟ್ಟು ಶಾಸನ ಓದುವ ನಮ್ಮ ಚಟ

ಹೊಸ ಶಾಸನವೊಂದು ಸಿಕ್ಕಿತೆಂದರೆ ನಾವು ಹವ್ಯಾಸಿಗಳು ಬರೆಯುವ ಬರಹಕ್ಕೆ ಒಂದೇ ಅಚ್ಚು. ಕಾಲ, ಲಿಪಿ, ರಾಜನ ಬಿರುದು, ದಾನಿಯ ಹೆಸರು, ‘ಇಂತಿಷ್ಟು ಭೂಮಿ ದಾನ ನೀಡಿದ ಉಲ್ಲೇಖವಿದೆ’ ಅನ್ನೋ ಒಂದು ಸಾಲು, ಕೊನೆಗೆ ಶಾಪಾಶಯ. ಮುಗೀತು. ನಾನೂ ವರ್ಷಗಟ್ಟಲೆ ಹೀಗೇ ಬರೆದವನು, ಆದ್ದರಿಂದ ಈ ಟೀಕೆ ಮೊದಲು ನನಗೇ ಸಲ್ಲಬೇಕು.

ಇದನ್ನು ನಾವು ಕಲಿತದ್ದು ದೊಡ್ಡವರಿಂದಲೇ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಿಲ್ಲದಿದ್ದರೆ ನನ್ನಂಥ ಇಂಜಿನಿಯರ್‌ಗೆ ಶಾಸನದ ಗಂಧವೂ ತಿಳೀತಿರಲಿಲ್ಲ. ಆದರೆ ಅವರ ಇಂಗ್ಲಿಷ್ ಅನುವಾದದಲ್ಲಿ ಎಷ್ಟೋ ಕಡೆ ಗಡಿಯ ಭಾಗ ಬಂದಾಗ ‘ಇಲ್ಲಿ ಎಲ್ಲೆಗಳ ವಿವರ’ ಎಂಬರ್ಥದ ಒಂದು ಸೂಚನೆ, ‘ಎಂದಿನ ಶಾಪಶ್ಲೋಕಗಳು’ ಎಂಬ ಇನ್ನೊಂದು ಸೂಚನೆ, ಅಷ್ಟೇ. ಸಾವಿರಾರು ಶಾಸನ ಅಚ್ಚು ಹಾಕಬೇಕಿದ್ದ ಮನುಷ್ಯ ಜಾಗ ಉಳಿಸಿದ್ದು ತಪ್ಪಲ್ಲ. ಮೂಲಪಾಠವನ್ನಂತೂ ಪೂರ್ತಿ ಕೊಟ್ಟಿದ್ದಾರೆ. ತಪ್ಪು ನಮ್ಮದು. ನಾವು ಅನುವಾದ ಓದಿ ಮೂಲಪಾಠದ ಪುಟ ತಿರುಗಿಸೋದೇ ಇಲ್ಲ.

ಕಾಂಟ್ರಾಕ್ಟ್ ಕಾಗದ ಓದೋದು ನನ್ನ ಹೊಟ್ಟೆಪಾಡು. ಅದರಲ್ಲಿ ಮೊದಲು ನೋಡೋದು ಕೆಲಸದ ವ್ಯಾಪ್ತಿ, ನಕ್ಷೆ, ಷರತ್ತು. ಸಹಿ ಮಾಡಿದ ದೊಡ್ಡ ಸಾಹೇಬರ ಪದವಿ ಯಾರೂ ಓದಲ್ಲ. ಶಾಸನದ ವಿಷಯಕ್ಕೆ ಬಂದರೆ ಉಲ್ಟಾ!

ಪದಗಳನ್ನೇ ನೋಡಿ. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿಸಿದವನಿಗೆ ಸಿಕ್ಕ ಭೂಮಿ ಕಟ್ಟುಕೊಡಗೆ. ಕೆರೆಯ ಉಸ್ತುವಾರಿಗೆ ಬಿಟ್ಟದ್ದು ಬಿತ್ತುವಟ್ಟ. ಹೋರಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ. ಇಂತಿಷ್ಟೇ ತೆರಬೇಕು ಅಂತ ಗೊತ್ತುಮಾಡಿದ್ದು ಕಟ್ಟುಗುತ್ತಗೆ. ಈ ಸಾಲಿಗೆ ಮುಂದೆ ಮೈಸೂರು ಸಂಸ್ಥಾನದ ಕಂದಾಯ ಲೆಕ್ಕದ ಎರಡು ಪದ ಸೇರಿಸಿ: ಶ್ರಾಯ, ಕಾಯಂಗುತ್ತ. ಶ್ರಾಯ ಅಂದರೆ ಪಾಳುಬಿದ್ದ ನೆಲವನ್ನು ಮೊದಲಿಗೆ ಕಡಿಮೆ ಕಂದಾಯಕ್ಕೆ ಕೊಟ್ಟು, ವರ್ಷ ಹೋದಂತೆ ಏರಿಸುತ್ತ ಪೂರ್ತಿ ದರಕ್ಕೆ ತರುವ ಏರ್ಪಾಡು. ಕಾಯಂಗುತ್ತದಲ್ಲಿ ದರ ಶಾಶ್ವತವಾಗಿ ನಿಗದಿ. ಇವೆಲ್ಲಕ್ಕೂ ನಾವು ‘ದತ್ತಿ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ ಒಳಗಿನ ಕರಾರು ಕಾಣೆಯಾಗುತ್ತೆ.

ಈಚೆಗೆ ಕೊಡಗು, ಹಾಸನ, ಚಿಕ್ಕಮಗಳೂರು ಕಡೆ ಒತ್ತುವರಿಯಾದ ಸರ್ಕಾರಿ ಜಮೀನನ್ನು ತೋಟದ ಬೆಳೆಗಾರರಿಗೇ 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡುವ ತಿದ್ದುಪಡಿ ಬಂತಲ್ಲ, ಅದನ್ನು ಯಾರಾದರೂ ‘ಭೂದಾನ’ ಅಂದರೇ? ಎಷ್ಟು ವರ್ಷ, ಎಷ್ಟು ಬಾಡಿಗೆ, ಯಾರಿಗೆ ಅಂತಲೇ ಕೇಳೋದು. ಅದೇ ಪ್ರಶ್ನೆ ಕಲ್ಲಿಗೆ ಯಾಕೆ ಕೇಳಬಾರದು?

ಇನ್ನು ಎಲ್ಲೆ. ಮೂಡಲಿಂದಲೋ ಈಶಾನ್ಯದಿಂದಲೋ ಹೊರಟು ಪ್ರದಕ್ಷಿಣೆಯಾಗಿ ಹುತ್ತ, ಹಾಸುಬಂಡೆ, ಹುಣಿಸೆಮರ, ಹಳ್ಳದ ತಿರುವು, ನಟ್ಟ ಕಲ್ಲು ಅಂತ ಹೇಳಿಕೊಂಡು ಹೋಗುವ ಈ ಸಾಲುಗಳು ಊರಿನ ಅತಿ ಹಳೆಯ ಸರ್ವೆ ದಾಖಲೆ. ಅಲ್ಲಲ್ಲಿ ಸಿಗುವ ವಾಮನಮುದ್ರೆ, ಲಿಂಗಮುದ್ರೆ ಕಲ್ಲುಗಳನ್ನು ಬಿಡಿಬಿಡಿಯಾಗಿ ಫೋಟೊ ಹೊಡೆದು ಹಾಕುತ್ತೇವೆ. ಅವು ಯಾವ ಶಾಸನದ ಯಾವ ಮೂಲೆ ಅಂತ ಹುಡುಕಲು ಬೇಕಾದ್ದು ಇದೇ ಬೇಸರದ ಭಾಗ. ಮತ್ತೆ ಅಳತೆ: ಮತ್ತರು ಅಂದರೆ ಇಷ್ಟೇ ಎಕರೆ ಅಂತ ಕಣ್ಣುಮುಚ್ಚಿ ಗುಣಿಸುವವರಿದ್ದಾರೆ. ಯಾವ ಕೋಲಿನಲ್ಲಿ ಅಳೆದದ್ದು ಅಂತ ಎಷ್ಟೋ ಶಾಸನ ತಾನೇ ಹೇಳುತ್ತೆ. ಕೋಲು ಬದಲಾದರೆ ಮತ್ತರೂ ಬದಲು.

ಹಾಗಂತ ಕಲ್ಲನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಅಷ್ಟಭೋಗದ ಪಟ್ಟಿ ನಮಗೆಲ್ಲ ಬಾಯಿಪಾಠ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಕೊನೆಯ ಎರಡರಲ್ಲಿ ನಿಂತು ನೋಡಿ. ಸಿದ್ಧ ಅಂದರೆ ಈಗಾಗಲೇ ಫಲ ಕೊಡ್ತಿರೋದು, ಸಾಧ್ಯ ಅಂದರೆ ಮುಂದೆ ದುಡಿದರೆ ಫಲ ಕೊಡಬಹುದಾದ್ದು. ಸಾಧ್ಯವನ್ನು ಸಿದ್ಧ ಮಾಡುವವನು, ಮುಳ್ಳು ಕಡಿದು ಕಲ್ಲು ಆರಿಸಿ ಉಳುವವನು, ಅವನ ಹೆಸರು ಎಲ್ಲಿ? ಅಗ್ರಹಾರದ ತಾಮ್ರಪಟಗಳಲ್ಲಿ ಪಾಲು ಪಡೆದವರ ಗೋತ್ರ, ಸೂತ್ರ ಎಲ್ಲ ಇರುತ್ತೆ, ಒಕ್ಕಲು ಮಾತ್ರ ಲೆಕ್ಕಕ್ಕಿಲ್ಲ.

ನನಗೆ ಇದು ಹೊಳೆದದ್ದು ಶಾಸನದಿಂದಲ್ಲ, ಮನೆಯ ಟ್ರಂಕಿನಿಂದ. ಅಪ್ಪ ನಮೂನೆ 50ರಲ್ಲಿ ಅರ್ಜಿ ಹಾಕಿ, ಬಗರ್‌ಹುಕುಂ ಸಮಿತಿ ಮುಂದೆ ಹೋಗಿ, ಎರಡು ಎಕರೆಗೆ ಸಾಗುವಳಿ ಚೀಟಿ ಪಡೆದಿದ್ದರು. ಅದರಲ್ಲಿ ಉಳುವವನ ಹೆಸರು ದಪ್ಪಕ್ಷರದಲ್ಲಿದೆ, ತಂದೆ ಹೆಸರಿದೆ, ಸರ್ವೆ ನಂಬರಿದೆ, ಮಾರಬಾರದೆಂಬ ಷರತ್ತಿದೆ. ಚೆಕ್ಕುಬಂದಿಯ ನಾಲ್ಕು ಗೆರೆ ಮಾತ್ರ ಖಾಲಿ. ಪೂರ್ವಕ್ಕೆ ಏನೂ ಇಲ್ಲ, ಪಶ್ಚಿಮಕ್ಕೂ ಇಲ್ಲ! ದೊಡ್ಡ ಸರ್ಕಾರಿ ನಂಬರೊಂದರಲ್ಲಿ ಹತ್ತಾರು ಜನಕ್ಕೆ ಮಂಜೂರಾಗಿ, ಯಾರದು ಎಲ್ಲಿ ಅಂತ ಬೇರ್ಪಡಿಸುವ ಪೋಡಿಯೇ ಆಗದೆ ಉಳಿದ ಕಥೆ ಹಳ್ಳಿ ಕಡೆಯವರಿಗೆ ಹೊಸದಲ್ಲ. ಶಾಸನದಲ್ಲಿ ನೆಲ ಎಲ್ಲಿ ಮುಗಿಯುತ್ತೆ ಅಂತಿದೆ, ಉತ್ತವನಿಲ್ಲ. ಚೀಟಿಯಲ್ಲಿ ಉತ್ತವನಿದ್ದಾನೆ, ನೆಲ ಎಲ್ಲಿ ಮುಗಿಯುತ್ತೆ ಅಂತಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಇನ್ನು ಮುಂದೆ ಭೂಮಿಯ ಶಾಸನ ಓದಿದವರು ಗಡಿಯ ಸಾಲುಗಳನ್ನು ಪೂರ್ತಿ ಹಾಕಿ, ಸಾಧ್ಯವಾದರೆ ಊರಿನ ಹಿರಿಯರನ್ನು ಕರೆದುಕೊಂಡು ಆ ಎಲ್ಲೆಯಲ್ಲಿ ನಡೆದು ಬನ್ನಿ. ಕೊಡಗೆಯೋ ಗುತ್ತಗೆಯೋ ಮಾನ್ಯವೋ, ಶಾಸನದ ಪದವನ್ನೇ ಉಳಿಸಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅಂತ ಬರೆಯಿರಿ, ನಾಚಿಕೆಯೇನಿಲ್ಲ.

ಕಳೆದ ಬೇಸಗೆಯಲ್ಲಿ ನಮ್ಮ ಜಮೀನಿಗೆ ಅಳತೆಯವರು ಬಂದಿದ್ದರು. ಪಕ್ಕದ ಹೊಲದ ಅಜ್ಜಿ ಕೋಲೂರಿಕೊಂಡು ಬಂದು, ‘ಈ ಹುಣಿಸೆ ಬೊಡ್ಡೆ ಐತಲ್ಲಪ್ಪ, ನಿಮ್ಮಪ್ಪ ಇಲ್ಲಿಗಂಟ ಉಳ್ತಿದ್ದ’ ಅಂತ ತೋರಿಸಿದರು. ಅಳತೆಯವರು ಕಾಗದ ತಿರುಗಿಸಿ ನೋಡಿ, ‘ಇದ್ರಲ್ಲಿ ಮರದ ಮಾತೇ ಇಲ್ವಲ್ಲ ಸಾರ್’ ಅಂದರು. ಪೋಡಿ ಇನ್ನೂ ಆಗಿಲ್ಲ.