ಪ್ರಶ್ನೆಯೊಳಗಿನ ಲೆಕ್ಕ

ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿರುವುದಿಲ್ಲ. ಆದರೂ ವ್ಯಾಕರಣ ಅವನಿಂದ ಅರ್ಧ ಉತ್ತರವನ್ನು ಮೊದಲೇ ವಸೂಲು ಮಾಡಿಬಿಡುವುದುಂಟು. ನಾವು ‘ಯಾರು ಬಂದರು?’ ಎನ್ನುತ್ತೇವೆ. ಬಂದದ್ದು ಒಬ್ಬರೋ ಹತ್ತು ಜನವೋ, ಹೆಂಗಸೋ ಗಂಡಸೋ, ಕ್ರಿಯಾಪದ ಬಾಯಿಬಿಡುವುದಿಲ್ಲ. ‘ಯಾವನು ಬಂದ?’ ಎಂದ ಕೂಡಲೇ ಲಿಂಗ, ವಚನ, ಕೇಳುವವನ ಸಿಡುಕು ಮೂರೂ ಹೊರಬೀಳುತ್ತವೆ.

ಕ್ಲಿಂಗಾನ್ ಭಾಷೆಯ ಪ್ರಶ್ನೆಗಳನ್ನು ನಾನು ಓದಲು ಹೊರಟದ್ದು ಈ ಕುತೂಹಲದಿಂದಲೇ. ‘ಸ್ಟಾರ್ ಟ್ರೆಕ್’ ಸಿನಿಮಾಗಳ ಯೋಧರಿಗಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಬೆಳೆಸಿದ ಈ ಭಾಷೆಯ ನಿಘಂಟು, ವ್ಯಾಕರಣ 1985ರಲ್ಲಿ ಪುಸ್ತಕವಾಗಿ ಬಂದವು. ಇಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ‘ಯಾರು’ ಎಂಬರ್ಥದ ‘ಇವ್’ ಪದ ಉತ್ತರ ಕೂರಬೇಕಾದ ಜಾಗದಲ್ಲೇ ಕೂರುತ್ತದೆ. ‘ಯಾಷ್ ಲೆಘ್ ಇವ್’ ಎಂದರೆ ‘ಅಧಿಕಾರಿಯನ್ನು ಯಾರು ನೋಡುತ್ತಾರೆ?’, ‘ಇವ್ ಲೆಘ್ ಯಾಷ್’ ಎಂದರೆ ‘ಅಧಿಕಾರಿ ಯಾರನ್ನು ನೋಡುತ್ತಾರೆ?’

ಇದರಲ್ಲಿ ವಚನ ಎಲ್ಲಿದೆ? ಕರ್ತೃ, ಕರ್ಮ ಎರಡೂ ಪ್ರಥಮ ಪುರುಷದಲ್ಲಿದ್ದರೆ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಪೂರ್ವಪ್ರತ್ಯಯವಿಲ್ಲ. ಕರ್ತೃ ಬಹುವಚನವಾಗಿ ಕರ್ಮ ಏಕವಚನವಾದಾಗ ಮಾತ್ರ ‘ಲು’ ಸೇರುತ್ತದೆ. ಹಾಗಾಗಿ, ನೋಡುವವರು ಹಲವರೆಂದು ಊಹಿಸಿದವನು ಈ ನಿಯಮದಂತೆ ‘ಯಾಷ್ ಲುಲೆಘ್ ಇವ್’ ಎನ್ನಬೇಕಾಗುತ್ತದೆ. ಅಧಿಕಾರಿಗಳೇ ಹಲವರಾದರೆ ‘ಯಾಷ್‌ಪು ಲೆಘ್ ಇವ್’. ಅಲ್ಲಿ ನೋಡುವವರ ಲೆಕ್ಕ ಮತ್ತೆ ಕಾಣೆ.

ಹಲವರು ಒಬ್ಬನಿಗೆ ಎದುರಾದಾಗ ಮಾತ್ರ ತಲೆ ಎಣಿಸುವ ವ್ಯಾಕರಣ! ಇದು ಯೋಧರ ಮನೋಧರ್ಮವಲ್ಲದೆ ಇನ್ನೇನು ಎಂದು ನನ್ನ ಪ್ರಬಂಧದ ಕರಡಿನಲ್ಲಿ ಬರೆದೂ ಇದ್ದೆ. ಆಮೇಲೆ ಆ ಪುಟವನ್ನು ಹೊಡೆದುಹಾಕಿದೆ. ಹಲವರು ಒಂದು ತಟ್ಟೆಯನ್ನು ನೋಡಿದರೂ ಅದೇ ‘ಲು’ ಬರುತ್ತದೆ. ಅಲ್ಲಿ ಯಾವ ಯುದ್ಧವೂ ಇಲ್ಲ. ಅದೇ ತರ್ಕ ಹಿಡಿದರೆ, ‘ಯಾರು ಬಂದರು?’ ಎಂದು ಕೇಳುವ ನಾವೆಲ್ಲ ಹುಟ್ಟಾ ವಿನಯವಂತರಾಗಿರಬೇಕಿತ್ತು.

ಒಂದು ಭಾಷೆಯ ಪ್ರತ್ಯಯದಿಂದ ಅದನ್ನಾಡುವ ಜನರ ಸ್ವಭಾವವನ್ನು ಹೇಳಿಬಿಡುವುದು ಸುಲಭ. ಅದು ಕಲ್ಪಿತ ಜನಾಂಗವಾದರೆ ಕೇಳುವವರೂ ಇಲ್ಲ. ಆದರೆ ವಿಮರ್ಶೆಗೆ ದಕ್ಕಬೇಕಾದ್ದು ಜನಾಂಗದ ಸ್ವಭಾವವಲ್ಲ, ಈ ಗಳಿಗೆಯಲ್ಲಿ ಈ ಪಾತ್ರ ಮಾಡಿದ ಆಯ್ಕೆ. ‘ಲು’ ಸೇರಿಸಿತೋ ಬಿಟ್ಟಿತೋ? ‘ಯಾರು’ ಎಂದಿತೋ ‘ಯಾವನು’ ಎಂದಿತೋ? ಕತ್ತಲಲ್ಲಿ ನಿಂತು ಪ್ರಶ್ನೆ ಕೇಳುವ ಪಾತ್ರ ಎದುರಾದಾಗ ನಾನೀಗ ಉತ್ತರಕ್ಕೆ ಕಾಯುವ ಮೊದಲು, ಅದು ಯಾರನ್ನು, ಎಷ್ಟು ಜನರನ್ನು ಆಗಲೇ ಕಂಡುಕೊಂಡಿದೆ ಎಂದು ನೋಡುತ್ತೇನೆ.